ನಿಲ್ಲದ ಬ್ರೇಕ್‌ಪಾಯಿಂಟನ್ನು ನಂಬುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಡಿಬಗರ್ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿದ್ದವು, ಅದರಲ್ಲೂ ಕಂಡೀಷನಲ್ ಬ್ರೇಕ್‌ಪಾಯಿಂಟ್ ಬಗ್ಗೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಹೊಸಬರಿಗೆ ಎರಡು ಮಾತು. ಪ್ರೋಗ್ರಾಂ ಒಳಗಿನ ತಪ್ಪು ಹುಡುಕಲು ನೆರವಾಗುವ ಸಾಧನ ಡಿಬಗರ್. ಪ್ರೋಗ್ರಾಂ ಓಡುತ್ತಿರುವಾಗ ಇಂಥ ಸಾಲಿಗೆ ಬಂದಾಗ ನಿಲ್ಲು ಅಂತ ಡಿಬಗರ್‌ಗೆ ಹೇಳುವುದು ಬ್ರೇಕ್‌ಪಾಯಿಂಟ್. ಆ ಸಾಲಿಗೆ ಬಂದಾಗಲೆಲ್ಲ ಬೇಡ, ಇಂಥ ಷರತ್ತು ನಿಜವಾದಾಗ ಮಾತ್ರ ನಿಲ್ಲು ಅಂದರೆ ಅದು ಕಂಡೀಷನಲ್ ಬ್ರೇಕ್‌ಪಾಯಿಂಟ್.

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನನ್ನ ಸಿ ಪ್ರೋಗ್ರಾಂ ಒಂದು ದೊಡ್ಡ ಫೈಲಿನಿಂದ ಲೆಕ್ಕಗಳನ್ನು ಒಂದೊಂದಾಗಿ ಓದಿ ಕೂಡುತ್ತದೆ. ಕೊನೆಗೆ ಮೊತ್ತ ಮೈನಸ್ ಬರುತ್ತಿದೆ, ಬರಬಾರದು. ಕೂಡುವ ಸಾಲಿನ ಮೇಲೆ, ಟೋಟಲ್ ಸೊನ್ನೆಗಿಂತ ಕಡಿಮೆಯಾದರೆ ನಿಲ್ಲು ಅಂತ ಜಿಡಿಬಿ ಡಿಬಗರ್‌ನಲ್ಲಿ ಹಾಕಿದೆ. ನಿಲ್ಲಲೇ ಇಲ್ಲ. ಡಿಬಗರೇ ಸರಿಯಿಲ್ವಾ?
– ವಿದ್ಯಾರ್ಥಿ, ದಾವಣಗೆರೆ

ಡಿಬಗರ್ ಸರಿಯಾಗಿಯೇ ಇರುತ್ತದೆ. ಜಿಡಿಬಿಯನ್ನು ರಿಚರ್ಡ್ ಸ್ಟಾಲ್ಮನ್ ಬರೆದದ್ದು 1986ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಜನ ತಿದ್ದಿ ತೀಡಿದ ಸಾಧನ ಅದು. ನೀವು ಮೊದಲು ಅನುಮಾನ ಪಡಬೇಕಾದದ್ದು ನೀವು ಬರೆದ ಕಂಡೀಷನ್ ಮೇಲೆ.

ಬ್ರೇಕ್‌ಪಾಯಿಂಟ್ ನಿಲ್ಲಲಿಲ್ಲ ಅಂದರೆ ಅದಕ್ಕೆ ಒಂದೇ ಅರ್ಥ ಇಲ್ಲ. ಪ್ರೋಗ್ರಾಂ ಆ ಸಾಲಿಗೆ ಬಂದೇ ಇಲ್ಲದಿರಬಹುದು. ಬಂದಿದ್ದರೂ ಆ ಗಳಿಗೆಯಲ್ಲಿ ಕಂಡೀಷನ್ ಸುಳ್ಳಾಗಿರಬಹುದು. ಅಥವಾ ಕಂಡೀಷನ್ ಎಂದೂ ನಿಜವಾಗಲಾರದ ಹಾಗೆ ಬರೆದಿರಬಹುದು. ಮೂರಕ್ಕೂ ಪರದೆ ಮೇಲೆ ಕಾಣುವುದು ಒಂದೇ: ಪ್ರೋಗ್ರಾಂ ಸುಮ್ನೆ ಓಡಿ ಮುಗಿಯುತ್ತದೆ. ಇದನ್ನು ನೋಡಿ ‘ಟೋಟಲ್ ಎಲ್ಲೂ ಮೈನಸ್ ಆಗಿಲ್ಲ’ ಅಂತ ತೀರ್ಮಾನಕ್ಕೆ ಬಂದರೆ ಅಲ್ಲೇ ದಾರಿ ತಪ್ಪಿತು.

ನಿಮ್ಮ ವಿಷಯದಲ್ಲಿ ನನಗೆ ಎರಡು ಅನುಮಾನ ಇದೆ. ಒಂದು, ಬ್ರೇಕ್‌ಪಾಯಿಂಟ್ ನಿಲ್ಲುವುದು ಆ ಸಾಲು ಓಡುವುದಕ್ಕೆ ಮುಂಚೆ, ಓಡಿದ ಮೇಲಲ್ಲ. ಕೂಡುವ ಸಾಲಿನ ಮೇಲೇ ಹಾಕಿದ್ದೀರಿ, ಅಂದರೆ ಕಂಡೀಷನ್ ಪ್ರತಿ ಸಲ ನೋಡುವುದು ಹಳೆಯ ಟೋಟಲನ್ನು. ಮಧ್ಯದ ಯಾವುದೋ ಲೆಕ್ಕದಲ್ಲಿ ಮೈನಸ್ ಆಗಿದ್ದರೆ ಲೂಪಿನ ಮುಂದಿನ ಸುತ್ತಿನಲ್ಲಿ ಸಿಕ್ಕಿಬೀಳುತ್ತಿತ್ತು. ಆದರೆ ಮೈನಸ್ ಮಾಡುತ್ತಿರುವುದು ಫೈಲಿನ ಕೊನೆಯ ಲೆಕ್ಕವೇ ಆಗಿದ್ದರೆ? ಮುಂದಿನ ಸುತ್ತೇ ಇಲ್ಲ, ನಿಲ್ಲುವುದೂ ಇಲ್ಲ. ಬ್ರೇಕ್‌ಪಾಯಿಂಟನ್ನು ಒಂದು ಸಾಲು ಕೆಳಗೆ, ಆದರೆ ಲೂಪಿನ ಒಳಗೇ ಹಾಕಿ ನೋಡಿ.

ಎರಡು, ಟೋಟಲನ್ನು ಅನ್‌ಸೈನ್ಡ್ ಅಂತ ಘೋಷಿಸಿದ್ದೀರಾ ನೋಡಿ. ಅನ್‌ಸೈನ್ಡ್ ಸಂಖ್ಯೆ ಸೊನ್ನೆಗಿಂತ ಕಡಿಮೆ ಆಗುವುದೇ ಇಲ್ಲ, ಹಾಗಾಗಿ ಆ ಕಂಡೀಷನ್ ಯಾವತ್ತೂ ಸುಳ್ಳೇ. ಆದರೆ ಕೊನೆಯಲ್ಲಿ ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ ಹಾಕಿದ್ದರೆ ಅದೇ ಸಂಖ್ಯೆ ಮೈನಸ್ ಆಗಿ ಕಾಣುತ್ತದೆ. ಜಿಡಿಬಿಯಲ್ಲಿ ‘ವಾಟಿಸ್ ಟೋಟಲ್’ ಅಂತ ಕೇಳಿದರೆ ಅದರ ಜಾತಿ ಏನು ಅಂತ ಹೇಳುತ್ತದೆ. ‘ಪ್ರಿಂಟ್ ಟೋಟಲ್’ ಅಂದಾಗ 4294967290 ಥರದ್ದು ಬಂದರೆ ಅನುಮಾನವೇ ಬೇಡ, ಅದು 32 ಬಿಟ್‌ನ ಅನ್‌ಸೈನ್ಡ್, ನೀವು ನೋಡುತ್ತಿರುವುದು ಮೈನಸ್ 6.

ಇನ್ನು ಮುಂದೆ ಒಂದು ಅಭ್ಯಾಸ ಮಾಡಿಕೊಳ್ಳಿ. ಕಂಡೀಷನ್ ಹಾಕಿದ ಮೇಲೆ, ಅದು ನಿಲ್ಲಲೇಬೇಕಾದ ಜಾಗದಲ್ಲಿ ನಿಲ್ಲುತ್ತದಾ ಅಂತ ಒಮ್ಮೆ ಕಣ್ಣಾರೆ ನೋಡಿ. ಹತ್ತೇ ಲೆಕ್ಕ ಇರುವ ಸಣ್ಣ ಫೈಲ್ ಮಾಡಿ, ನಾಲ್ಕನೆಯದನ್ನು ಬೇಕಂತಲೇ ದೊಡ್ಡ ಮೈನಸ್ ಮಾಡಿ. ಮೊದಲು ಕಂಡೀಷನ್ ಜಾಗದಲ್ಲಿ 1 == 1 ಹಾಕಿ, ಹತ್ತು ಸಲವೂ ನಿಲ್ಲಬೇಕು. 1 == 0 ಹಾಕಿ, ಒಂದು ಸಲವೂ ನಿಲ್ಲಬಾರದು. ಆಮೇಲೆ ನಿಮ್ಮ ನಿಜವಾದ ಕಂಡೀಷನ್ ಹಾಕಿ, ನಾಲ್ಕನೇ ಲೆಕ್ಕದಲ್ಲಿ ನಿಂತರೆ ದೊಡ್ಡ ಫೈಲಿಗೆ ಹೋಗಿ. ಇಷ್ಟು ಮಾಡಿದ ಮೇಲೆ ಅದು ಸುಮ್ಮನಿದ್ದರೆ ಆ ಸುಮ್ಮನಿರುವಿಕೆಗೆ ಬೆಲೆ ಇದೆ.

‘ಇನ್ಫೋ ಬ್ರೇಕ್‌ಪಾಯಿಂಟ್ಸ್’ ಅಂತ ಕೊಟ್ಟರೆ ಕಂಡೀಷನ್ ಏನಿದೆ, ಎಷ್ಟು ಸಲ ಹಿಟ್ ಆಗಿದೆ ಎರಡೂ ಬರುತ್ತದೆ. ಆದರೆ ಗಮನಿಸಿ, ಕಂಡೀಷನ್ ಸುಳ್ಳಾಗಿದ್ದನ್ನು ಜಿಡಿಬಿ ಹಿಟ್ ಅಂತ ಎಣಿಸುವುದಿಲ್ಲ. ಸಾಲಿಗೆ ಬಂದದ್ದೇ ಎಷ್ಟು ಸಲ ಅಂತ ಗೊತ್ತಾಗಬೇಕಾದರೆ ಅದೇ ಸಾಲಿಗೆ ಕಂಡೀಷನ್ ಇಲ್ಲದ ಇನ್ನೊಂದು ಬ್ರೇಕ್‌ಪಾಯಿಂಟ್ ಹಾಕಿ. ಅದರ ನಂಬರ್ 2 ಅಂದುಕೊಳ್ಳಿ, ‘ಇಗ್ನೋರ್ 2 1000000’ ಅಂತ ಕೊಡಿ. ಹತ್ತು ಲಕ್ಷ ಸಲ ನಿಲ್ಲದೆ ಬಿಡುತ್ತದೆ, ಆದರೆ ಎಣಿಸುತ್ತಲೇ ಇರುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಪ್ರೋಗ್ರಾಂ ಎಲ್ಲೋ ಮಧ್ಯದಲ್ಲಿ ಕ್ರ್ಯಾಶ್ ಆಗುತ್ತಿದ್ದರೆ, ಹೀಗೆ ಇಗ್ನೋರ್ ಹಾಕಿ ಓಡಿಸಿ, ಕ್ರ್ಯಾಶ್ ಆದ ಮೇಲೆ ಎಣಿಕೆ ನೋಡಿ. 1374 ಅಂತ ಇದ್ದರೆ ಮುಂದಿನ ಸಲ ‘ಇಗ್ನೋರ್ 2 1373’ ಕೊಡಿ. ಕ್ರ್ಯಾಶ್ ಆಗುವ ಸುತ್ತಿನ ಬಾಗಿಲಲ್ಲೇ ನಿಲ್ಲುತ್ತದೆ, ಕಂಡೀಷನ್ ಏನು ಬರೆಯಬೇಕು ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯ ಸದಸ್ಯರ ಪಟ್ಟಿ ಪೂರ್ತಿ ಕನ್ನಡದಲ್ಲಿದೆ. ಪೈಥಾನ್‌ನಲ್ಲಿ ಓದಿ ರಸೀದಿ ಮಾಡುತ್ತೇನೆ. ಒಬ್ಬ ರಮೇಶ್ ಅವರ ರಸೀದಿ ತಪ್ಪಾಗಿ ಬರುತ್ತಿದೆ. ವಿಎಸ್ ಕೋಡ್‌ನಲ್ಲಿ ನೇಮ್ == 'ರಮೇಶ್' ಅಂತ ಕಂಡೀಷನ್ ಹಾಕಿದರೆ ಬೇರೆ ರಮೇಶರಿಗೆಲ್ಲ ನಿಲ್ಲುತ್ತದೆ, ಈ ಒಬ್ಬರಿಗೆ ಮಾತ್ರ ನಿಲ್ಲುವುದಿಲ್ಲ. ಹೆಸರು ಅಕ್ಷರಶಃ ಒಂದೇ ಇದೆ, ಹತ್ತು ಸಲ ನೋಡಿದ್ದೇನೆ.
– ಓದುಗಿ, ಮೈಸೂರು

ಮೇಡಂ, ನಿಮ್ಮ ಕಣ್ಣಿಗೆ ಒಂದೇ ಕಾಣುತ್ತಿದೆ, ಕಂಪ್ಯೂಟರ್‌ಗೆ ಅವು ಎರಡು ಬೇರೆ ಹೆಸರು. ಕನ್ನಡದ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಇದಕ್ಕೆ ಸಿಕ್ಕಿಕೊಳ್ಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಯೂನಿಕೋಡ್‌ನಲ್ಲಿ ರಮೇಶ್ ಅಂದರೆ ಐದು ತುಂಡು: ರ, ಮ, ಏತ್ವ, ಶ, ಕೊನೆಗೆ ಅರ್ಧಾಕ್ಷರದ ಚಿಹ್ನೆ. ಪೈಥಾನ್‌ನಲ್ಲಿ ಲೆನ್ ಕೇಳಿದರೆ 5 ಬರಬೇಕು. ಆದರೆ ಕೆಲವರು ಟೈಪ್ ಮಾಡುವಾಗ ಕೊನೆಯಲ್ಲಿ ಕಣ್ಣಿಗೇ ಕಾಣದ ಇನ್ನೊಂದು ತುಂಡು ಸೇರಿಕೊಂಡಿರುತ್ತದೆ. ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಚುಟುಕಾಗಿ ಜೆಡ್‌ಡಬ್ಲ್ಯುಎನ್‌ಜೆ. ರಾಜ್‌ಕುಮಾರ್ ಅಂತ ಬರೆಯುವಾಗ ಜ ಕೆಳಗೆ ಕ ಒತ್ತಾಗದ ಹಾಗೆ ತಡೆಯುವುದು ಅದೇ. ಪದದ ಮಧ್ಯೆ ಅದಕ್ಕೆ ಕೆಲಸ ಇದೆ. ಪದದ ಕೊನೆಯಲ್ಲಿ ಇದ್ದರೆ ಏನೂ ಕಾಣುವುದಿಲ್ಲ, ಆದರೆ ಲೆನ್ 6 ಆಗುತ್ತದೆ, ಸಮ ಅಂತ ಹೋಲಿಸಿದರೆ ಸುಳ್ಳು ಬರುತ್ತದೆ. ಪೈಥಾನ್‌ನ ಸ್ಟ್ರಿಪ್ ಕೂಡ ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಅದು ಖಾಲಿ ಜಾಗದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ತುಂಡಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಚಿಹ್ನೆ ಅಂತ ಎರಡು ತುಂಡಾಗಿಯೂ ಬರೆಯಬಹುದು. ಎರಡೂ ಸರಿಯೇ, ಪರದೆ ಮೇಲೆ ಎರಡೂ ಒಂದೇ. ಓತ್ವದಲ್ಲಂತೂ ಪೂರ್ತಿ ಬಿಡಿಸಿದರೆ ಮೂರು ತುಂಡಾಗುತ್ತದೆ. ಲೋಕೇಶ್ ಅನ್ನುವ ಹೆಸರನ್ನು ಜೋಡಿಸಿ ಬರೆದರೆ ಲೆನ್ 6, ಬಿಡಿಸಿ ಬರೆದರೆ 9. ಬೇರೆ ಬೇರೆ ಸಾಫ್ಟ್‌ವೇರ್‌ನಿಂದ ಬಂದ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿದಾಗ ಇಂಥದ್ದು ಆಗುತ್ತದೆ.

ಈಗ ಏನು ಮಾಡುವುದು? ಹೆಸರಿನ ಬದಲು ಆ ಸದಸ್ಯರ ನಂಬರ್ ಮೇಲೆ ಕಂಡೀಷನ್ ಹಾಕಿ, ಅಲ್ಲಿ ನಿಂತ ಮೇಲೆ ಡಿಬಗ್ ಕನ್ಸೋಲ್‌ನಲ್ಲಿ ಲೆನ್ ಕೇಳಿ, ಆಮೇಲೆ ಆಸ್ಕಿ ಫಂಕ್ಷನ್‌ಗೆ ಆ ಹೆಸರು ಕೊಡಿ. ಪ್ರತಿ ತುಂಡಿನ ನಂಬರ್ ಬಿಡಿಬಿಡಿಯಾಗಿ ಬರುತ್ತದೆ. ಕೊನೆಯಲ್ಲಿ 200ಸಿ ಅಂತ ಕಂಡರೆ ಅದೇ ಕಾಣದ ತುಂಡು. ತುಂಡುಗಳನ್ನು ಒಂದೇ ಥರಕ್ಕೆ ತರಲು ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅಂತ ಇದೆ, ಎನ್‌ಎಫ್‌ಸಿ ಅಂತ ಕೊಟ್ಟರೆ ಬಿಡಿಸಿದ್ದನ್ನೆಲ್ಲ ಜೋಡಿಸಿ ಕೊಡುತ್ತದೆ. ಆದರೆ ಅದೂ ಜೆಡ್‌ಡಬ್ಲ್ಯುಎನ್‌ಜೆಯನ್ನು ಮುಟ್ಟುವುದಿಲ್ಲ, ಪದದ ಕೊನೆಯಲ್ಲಿರುವುದನ್ನು ನೀವೇ ತೆಗೆಯಬೇಕು. ಮಧ್ಯದಲ್ಲಿರುವುದನ್ನು ಮಾತ್ರ ತೆಗೆಯಬೇಡಿ, ರಾಜ್‌ಕುಮಾರ್ ಅವರ ಹೆಸರೇ ಕೆಡುತ್ತದೆ.

ಕಂಡೀಷನ್ ಒಳಗೇ ನಾರ್ಮಲೈಸ್ ಬಳಸುವುದಾದರೆ ಒಂದು ವಿಷಯ. ಕಂಡೀಷನ್ ಓಡುವುದು ಪ್ರೋಗ್ರಾಂ ನಿಂತಿರುವ ಆ ಫಂಕ್ಷನ್ ಒಳಗೆ, ಅಲ್ಲಿ ಯಾವ ಹೆಸರುಗಳು ಸಿಗುತ್ತವೋ ಅವಷ್ಟೇ ಅದಕ್ಕೂ ಸಿಗುತ್ತವೆ. ಫೈಲಿನಲ್ಲಿ ಯೂನಿಕೋಡ್‌ಡೇಟಾ ಇಂಪೋರ್ಟ್ ಆಗಿರದಿದ್ದರೆ ಕಂಡೀಷನ್ ಎರರ್ ಕೊಡುತ್ತದೆ. ಎರರ್ ಬಂದಾಗ ಒಂದೊಂದು ಡಿಬಗರ್ ಒಂದೊಂದು ಥರ ನಡೆದುಕೊಳ್ಳುತ್ತದೆ. ಪೈಥಾನ್ ಜೊತೆಗೇ ಬರುವ ಪಿಡಿಬಿ ಅಂಥ ಸಂದರ್ಭದಲ್ಲಿ ನಿಂತುಬಿಡುತ್ತದೆ, ಜಿಡಿಬಿಯೂ ಎರರ್ ತೋರಿಸಿ ನಿಲ್ಲುತ್ತದೆ. ನೀವು ಬಳಸುವುದು ಏನು ಮಾಡುತ್ತದೆ ಅಂತ ತಿಳಿಯಲು ಇಲ್ಲದ ವೇರಿಯಬಲ್ ಹೆಸರು ಹಾಕಿ ಒಮ್ಮೆ ಓಡಿಸಿ ನೋಡಿ, ಅರ್ಧ ನಿಮಿಷದ ಕೆಲಸ.

ಪ್ರಶ್ನೆ: ಜಾವಾದಲ್ಲೂ ಹೀಗೇ ಆಗುತ್ತಿದೆ. ಸ್ಟೇಟಸ್ == "ಓಪನ್" ಅಂತ ಇಂಟೆಲಿಜೆಯಲ್ಲಿ ಹಾಕಿದೆ, ನಿಲ್ಲುತ್ತಿಲ್ಲ. ಇಂಗ್ಲಿಷ್ ಅಕ್ಷರವೇ, ಕನ್ನಡ ಅಲ್ಲ.
– ಓದುಗ, ಬೆಂಗಳೂರು

ಜಾವಾದಲ್ಲಿ ಎರಡು ಸ್ಟ್ರಿಂಗ್‌ಗಳ ನಡುವೆ == ಹಾಕಿದರೆ ಅದು ಕೇಳುವುದು ಎರಡೂ ಒಂದೇ ಆಬ್ಜೆಕ್ಟಾ ಅಂತ, ಒಳಗಿನ ಅಕ್ಷರ ಒಂದೇನಾ ಅಂತ ಅಲ್ಲ. ಕಂಡೀಷನ್ ಬರೆಯುವಾಗಲೂ ಭಾಷೆಯ ನಿಯಮ ಬದಲಾಗುವುದಿಲ್ಲ, ಈಕ್ವಲ್ಸ್ ಬಳಸಿ. "ಓಪನ್" ಅನ್ನು ಎಡಗಡೆ ಇಟ್ಟು ಅದರ ಮೇಲೆ ಈಕ್ವಲ್ಸ್ ಕರೆದರೆ ಸ್ಟೇಟಸ್ ನಲ್ ಆಗಿದ್ದಾಗಲೂ ಎರರ್ ಬರುವುದಿಲ್ಲ. ದಶಮಾಂಶ ಸಂಖ್ಯೆಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ. 0.1 ಮತ್ತು 0.2 ಕೂಡಿದರೆ ಡಬಲ್‌ನಲ್ಲಿ 0.30000000000000004 ಬರುತ್ತದೆ, == 0.3 ಅಂತ ಕಾದರೆ ಅದು ನಿಲ್ಲುವುದೇ ಇಲ್ಲ. 0.29ಕ್ಕಿಂತ ಜಾಸ್ತಿ, 0.31ಕ್ಕಿಂತ ಕಡಿಮೆ ಅಂತ ಬರೆಯಿರಿ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಬ್ರೇಕ್‌ಪಾಯಿಂಟ್ ಹಾಕದೆ ಓಡಿಸಿದರೆ ಪ್ರೋಗ್ರಾಂ ಸರಿಯಾಗಿ ಮುಗಿಯುತ್ತದೆ. ‘ಬ್ರೇಕ್ 18 ಇಫ್ ಕೌಂಟ್ = 5’ ಅಂತ ಹಾಕಿ ಓಡಿಸಿದರೆ ಪ್ರತಿ ಸುತ್ತಿಗೂ ನಿಲ್ಲುತ್ತದೆ, ಲೂಪ್ ಮುಗಿಯುವುದೇ ಇಲ್ಲ.
– ಓದುಗ, ಮಂಗಳೂರು

ಪತ್ರದಲ್ಲೇ ಉತ್ತರ ಇದೆ, ಇನ್ನೊಮ್ಮೆ ಓದಿ: ಸಮ ಚಿಹ್ನೆ ಒಂದೇ ಇದೆ. ಸಿ ಭಾಷೆಯಲ್ಲಿ ಅದು ಹೋಲಿಕೆ ಅಲ್ಲ, ಕೌಂಟ್‌ಗೆ 5 ತುಂಬು ಅಂತ. ಜಿಡಿಬಿ ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ. ಓಡುತ್ತಿರುವ ಪ್ರೋಗ್ರಾಂನ ಕೌಂಟ್‌ಗೆ ನಿಜವಾಗಿಯೂ 5 ಬರೆಯುತ್ತದೆ, ಬಂದ ಉತ್ತರ ಸೊನ್ನೆ ಅಲ್ಲವಾದ್ದರಿಂದ ಕಂಡೀಷನ್ ನಿಜ ಅಂತ ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ ಕೌಂಟ್ ಮತ್ತೆ 5ಕ್ಕೆ ಬಂದರೆ ಲೂಪ್ ಮುಗಿಯುವುದು ಹೇಗೆ? ‘ಬ್ರೇಕ್ 18 ಇಫ್ ಕೌಂಟ್ = 0’ ಅಂತ ಹಾಕಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು. ಕಂಡೀಷನ್ ಯಾವಾಗಲೂ ಸುಳ್ಳು, ಹಾಗಾಗಿ ಎಲ್ಲೂ ನಿಲ್ಲುವುದಿಲ್ಲ, ಆದರೆ ಕೌಂಟ್ ಮಾತ್ರ ಪ್ರತಿ ಸಲ ಸೊನ್ನೆ ಆಗುತ್ತಿರುತ್ತದೆ, ನಿಮಗೆ ಸುಳಿವೇ ಸಿಗುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲೂ ಹೀಗೆಯೇ. ಪೈಥಾನ್‌ನಲ್ಲಿ ಕಂಡೀಷನ್ ಜಾಗದಲ್ಲಿ ಒಂಟಿ ಸಮ ಚಿಹ್ನೆ ನಡೆಯುವುದಿಲ್ಲ, ಆದರೆ ಪಾಪ್, ನೆಕ್ಸ್ಟ್ ಥರದ ಫಂಕ್ಷನ್ ಕರೆದರೆ ಪಟ್ಟಿಯಿಂದ ಒಂದೊಂದೇ ಐಟಂ ಮಾಯ ಆಗುತ್ತಾ ಹೋಗುತ್ತದೆ. ಕಂಡೀಷನ್ ನೋಡಬೇಕು ಅಷ್ಟೇ, ಮುಟ್ಟಬಾರದು. ಅನುಮಾನ ಬಂದರೆ ಬ್ರೇಕ್‌ಪಾಯಿಂಟ್ ಇದ್ದಾಗ ಒಮ್ಮೆ, ತೆಗೆದು ಒಮ್ಮೆ ಓಡಿಸಿ. ಎರಡು ಸಲವೂ ಕೊನೆಯ ಉತ್ತರ ಒಂದೇ ಬರಬೇಕು.

ಪ್ರಶ್ನೆ: ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಪ್ರೋಗ್ರಾಂ ಕಂಡೀಷನಲ್ ಬ್ರೇಕ್‌ಪಾಯಿಂಟ್ ಹಾಕಿದ ಮೇಲೆ ಊಟ ಮಾಡಿ ಬಂದರೂ ಮುಗಿದಿರುವುದಿಲ್ಲ. ಒಂದು ಹೋಲಿಕೆಗೆ ಇಷ್ಟು ಹೊತ್ತು ಬೇಕಾ?
– ಓದುಗಿ, ಹುಬ್ಬಳ್ಳಿ

ಹೋಲಿಕೆಗೆ ಹೊತ್ತು ಹಿಡಿಯುವುದಿಲ್ಲ, ನಿಲ್ಲಿಸುವುದಕ್ಕೆ ಹಿಡಿಯುತ್ತದೆ. ಕಂಡೀಷನ್ ಸುಳ್ಳಾದಾಗ ಪ್ರೋಗ್ರಾಂ ನಿಲ್ಲುವುದೇ ಇಲ್ಲ ಅಂತ ನಮಗೆ ಅನಿಸುತ್ತದೆ, ಅಲ್ವಾ? ನಿಜ ಏನೆಂದರೆ ಅದು ಪ್ರತಿ ಸಲವೂ ನಿಲ್ಲುತ್ತದೆ, ನಮಗೆ ತೋರಿಸುವುದಿಲ್ಲ ಅಷ್ಟೇ. ಪ್ರತಿ ಸ್ಟಾಪಿನಲ್ಲೂ ಬಸ್ ನಿಲ್ಲಿಸಿ ‘ಇಳಿಯೋರು ಇದ್ದೀರಾ’ ಅಂತ ಕೇಳಿ, ಯಾರೂ ಇಲ್ಲ ಅಂದ ಮೇಲೆ ಮತ್ತೆ ಹೊರಟ ಹಾಗೆ.

ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಲಿನಕ್ಸ್‌ನಲ್ಲಿ, ಇಂಟೆಲ್ ಥರದ ಪ್ರೊಸೆಸರ್ ಮೇಲೆ, ಜಿಡಿಬಿ ಆ ಜಾಗದಲ್ಲಿದ್ದ ಸೂಚನೆಯ ಮೊದಲ ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ ಇಂಟ್ 3 ಅನ್ನುವ ಒಂದೇ ಬೈಟಿನ ಸೂಚನೆ ಬರೆಯುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದ ಕೂಡಲೇ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ಗೆ ಜಿಗಿಯುತ್ತದೆ. ಕರ್ನೆಲ್ ನಿಮ್ಮ ಪ್ರೋಗ್ರಾಂ ನಿಲ್ಲಿಸಿ ಜಿಡಿಬಿಯನ್ನು ಎಬ್ಬಿಸುತ್ತದೆ. ಜಿಡಿಬಿ ರಿಜಿಸ್ಟರ್‌ಗಳನ್ನೂ ಮೆಮೊರಿಯನ್ನೂ ಓದಿ ಕಂಡೀಷನ್ ಲೆಕ್ಕ ಹಾಕುತ್ತದೆ. ಸುಳ್ಳು ಅಂದರೆ ಹಳೆಯ ಬೈಟನ್ನು ವಾಪಸ್ ಇಟ್ಟು, ಒಂದೇ ಸೂಚನೆ ಓಡಿಸಿ, ಮತ್ತೆ ಇಂಟ್ 3 ಬರೆದು, ಪ್ರೋಗ್ರಾಂ ಮುಂದಕ್ಕೆ ಬಿಡುತ್ತದೆ. ಇಷ್ಟೂ ಕೆಲಸ ಒಂದು ಸುತ್ತಿಗೆ. ಇದಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಅಂತ ಇಟ್ಟುಕೊಂಡರೂ ಒಂದು ಕೋಟಿ ಸುತ್ತಿಗೆ 1000 ಸೆಕೆಂಡ್, ಅಂದರೆ ಹತ್ತಿರ ಹತ್ತಿರ 17 ನಿಮಿಷ.

ಪರಿಹಾರ ಸುಲಭ. ಕೋಡ್ ನಿಮ್ಮದೇ ಆದರೆ ಕಂಡೀಷನನ್ನು ಕೋಡಿನಲ್ಲೇ ಒಂದು ಇಫ್ ಆಗಿ ಬರೆಯಿರಿ, ಅದರ ಒಳಗೆ ಏನೂ ಕೆಲಸ ಮಾಡದ ಒಂದು ಸಾಲು ಇಟ್ಟು ಅಲ್ಲಿಗೆ ಮಾಮೂಲಿ ಬ್ರೇಕ್‌ಪಾಯಿಂಟ್ ಹಾಕಿ. ಆಗ ಹೋಲಿಕೆ ಪ್ರೋಗ್ರಾಂನ ವೇಗದಲ್ಲೇ ನಡೆಯುತ್ತದೆ. ಕೋಡ್ ಮುಟ್ಟುವ ಹಾಗಿಲ್ಲದಿದ್ದರೆ ಬ್ರೇಕ್‌ಪಾಯಿಂಟನ್ನು ಒಳಗಿನ ಲೂಪಿನಿಂದ ಹೊರಗಿನ ಲೂಪಿಗೆ ತನ್ನಿ. ಒಂದು ವೇರಿಯಬಲ್ ಯಾವಾಗ ಬದಲಾಗುತ್ತದೆ ಅನ್ನುವುದೇ ಪ್ರಶ್ನೆಯಾದರೆ ವಾಚ್‌ಪಾಯಿಂಟ್ ಹಾಕಿ, ಅದಕ್ಕೂ ಕಂಡೀಷನ್ ಕೊಡಬಹುದು. ಇಂಟೆಲ್ ಥರದ ಪ್ರೊಸೆಸರ್‌ನಲ್ಲಿ ಇದಕ್ಕೆಂದೇ ನಾಲ್ಕು ವಿಳಾಸದ ರಿಜಿಸ್ಟರ್‌ಗಳಿವೆ, ಆ ವಿಳಾಸಕ್ಕೆ ಬರೆದಾಗ ಮಾತ್ರ ನಿಲ್ಲುವುದರಿಂದ ಪ್ರೋಗ್ರಾಂ ಅಷ್ಟಾಗಿ ನಿಧಾನ ಆಗುವುದಿಲ್ಲ. ಒಂದು ಎಚ್ಚರ: ಕಂಡೀಷನ್ ಒಳಗೆ ನಿಮ್ಮ ಪ್ರೋಗ್ರಾಂನದೇ ಫಂಕ್ಷನ್ ಕರೆಯಬೇಡಿ. ಜಿಡಿಬಿಯಲ್ಲಿ ಸ್ಟ್ರಿಂಗ್ ಹೋಲಿಸಲು ಡಾಲರ್ ಅಂಡರ್‌ಸ್ಕೋರ್ ಸ್ಟ್ರೆಕ್ ($_streq) ಅಂತ ಅದರದೇ ಫಂಕ್ಷನ್ ಇದೆ, ಸ್ಟ್ರ್‌ಕಂಪ್ ಬದಲು ಅದನ್ನೇ ಬಳಸಿ.

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ ಹಲವು ಥ್ರೆಡ್‌ಗಳು ಓಡುತ್ತವೆ. ಆಗೊಮ್ಮೆ ಈಗೊಮ್ಮೆ ಎರಡು ಆರ್ಡರ್‌ಗಳಿಗೆ ಒಂದೇ ನಂಬರ್ ಬೀಳುತ್ತದೆ. ಅದೇ ಕಂಡೀಷನ್ ಹಾಕಿ ಕಾದರೆ ಸಮಸ್ಯೆ ಬರುವುದೇ ಇಲ್ಲ. ತೆಗೆದ ದಿನ ಮತ್ತೆ ಬರುತ್ತದೆ.
– ಕನ್ನಡಿಗ ಓದುಗ, ಪುಣೆ

ಹಿಂದಿನ ಉತ್ತರದಲ್ಲಿ ಹೇಳಿದ್ದೇ ಇಲ್ಲಿಯೂ ಕಾರಣ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಸಾಗುವ ಓಟಗಳಲ್ಲಿ ಒಂದು. ಜಿಡಿಬಿಯ ಮಾಮೂಲಿ ರೀತಿಯಲ್ಲಿ ಒಂದು ಥ್ರೆಡ್ ಬ್ರೇಕ್‌ಪಾಯಿಂಟ್ ಮುಟ್ಟಿದರೆ ಉಳಿದವೂ ನಿಲ್ಲುತ್ತವೆ. ಕಂಡೀಷನ್ ಸುಳ್ಳಾದಾಗಲೂ ಥ್ರೆಡ್‌ಗಳ ಓಟದ ಹೊಂದಾಣಿಕೆ ಬದಲಾಗಿರುತ್ತದೆ. ಎರಡು ಥ್ರೆಡ್‌ಗಳು ಒಂದೇ ಗಳಿಗೆಗೆ ಆ ನಂಬರ್ ಓದಬೇಕು, ಆಗಲೇ ನಿಮ್ಮ ಬಗ್ ಹುಟ್ಟುವುದು. ಆ ಗಳಿಗೆ ತಪ್ಪಿಹೋಗುತ್ತಿದೆ. ಹಾಗಾಗಿ ಬ್ರೇಕ್‌ಪಾಯಿಂಟ್ ಇದ್ದಾಗ ಬಗ್ ಬರಲಿಲ್ಲ ಅನ್ನುವುದನ್ನು ಬಗ್ ಇಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ ದಯವಿಟ್ಟು ಇಟ್ಟುಕೊಳ್ಳಬೇಡಿ.

ನಂಬರ್ ಕೊಡುವ ಜಾಗದಲ್ಲಿ ಥ್ರೆಡ್ ಯಾವುದು, ನಂಬರ್ ಏನು ಅಂತ ಮೆಮೊರಿಯಲ್ಲೇ ಒಂದು ಪಟ್ಟಿಗೆ ಸೇರಿಸಿ, ಪುನರಾವರ್ತನೆ ಕಂಡ ಮೇಲಷ್ಟೇ ಅದನ್ನು ಫೈಲಿಗೆ ಬರೆಯಿರಿ. ಆ ಪಟ್ಟಿಗೆ ಲಾಕ್ ಹಾಕಬೇಡಿ, ಥ್ರೆಡ್‌ಗೊಂದು ಪಟ್ಟಿ ಇರಲಿ, ಇಲ್ಲದಿದ್ದರೆ ಆ ಲಾಕೇ ಬಗ್‌ಅನ್ನು ಮುಚ್ಚಿಬಿಡುತ್ತದೆ. ಸಿ ಅಥವಾ ಸಿ ಪ್ಲಸ್ ಪ್ಲಸ್ ಆಗಿದ್ದು ಲಿನಕ್ಸ್ ಇದ್ದರೆ ಆರ್‌ಆರ್ ಅನ್ನುವ ಸಾಧನ ನೋಡಿ. ಮೊಝಿಲ್ಲಾದಲ್ಲಿ ಫೈರ್‌ಫಾಕ್ಸ್‌ನ ಬಗ್ ಹಿಡಿಯಲು ಹುಟ್ಟಿದ್ದು ಅದು. ಪ್ರೋಗ್ರಾಂನ ಒಂದು ಓಟವನ್ನು ಪೂರ್ತಿ ರೆಕಾರ್ಡ್ ಮಾಡಿಕೊಳ್ಳುತ್ತದೆ. ಆಮೇಲೆ ಅದೇ ಓಟವನ್ನು ಎಷ್ಟು ಸಲ ಬೇಕಾದರೂ ಹಾಗೆಯೇ ಓಡಿಸಬಹುದು, ಹಿಂದಕ್ಕೂ ಹೋಗಬಹುದು. ರೆಕಾರ್ಡ್ ಆದ ಮೇಲೆ ಎಷ್ಟು ಕಂಡೀಷನ್ ಹಾಕಿದರೂ ಓಟ ಬದಲಾಗುವುದಿಲ್ಲ. ಆದರೆ ರೆಕಾರ್ಡ್ ಮಾಡುವಾಗ ಅದು ಥ್ರೆಡ್‌ಗಳನ್ನೆಲ್ಲ ಒಂದೇ ಕೋರ್ ಮೇಲೆ ಸರದಿಯಲ್ಲಿ ಓಡಿಸುತ್ತದೆ, ಕೆಲವು ಬಗ್‌ಗಳು ಆಗ ಹೊರಗೆ ಬರುವುದಿಲ್ಲ. ಅದಕ್ಕೇ ಕೇಯಾಸ್ ಅನ್ನುವ ಆಯ್ಕೆ ಇದೆ, ಸರದಿಯನ್ನು ಬೇಕಂತಲೇ ಏರುಪೇರು ಮಾಡುತ್ತದೆ. ಅದನ್ನು ಹಾಕಿ ರಾತ್ರಿಯಿಡೀ ಓಡಲು ಬಿಡಿ.

ಪ್ರಶ್ನೆ: ನಾವು ಮೂವರು ಸೇರಿ ನಮ್ಮದೇ ಒಂದು ಬೋರ್ಡಿಗೆ ಡಿಬಗರ್ ಬರೆಯುತ್ತಿದ್ದೇವೆ. ಕಾರ್ಟೆಕ್ಸ್ ಎಂ4 ಚಿಪ್. ಕಂಡೀಷನಲ್ ಬ್ರೇಕ್‌ಪಾಯಿಂಟ್ ಕೆಲಸ ಮಾಡುತ್ತಿದೆ ಅಂತ ಕಾಣುತ್ತದೆ. ಇದನ್ನು ಸರಿಯಾಗಿ ಟೆಸ್ಟ್ ಮಾಡುವುದು ಹೇಗೆ?
– ಓದುಗರು, ಮೈಸೂರು

ಕೆಲಸ ಮಾಡುತ್ತಿದೆ ಅಂತ ಕಂಡ ಮೇಲೂ ಈ ಪ್ರಶ್ನೆ ಕೇಳಿದ್ದೀರಲ್ಲ, ತುಂಬಾ ಸಂತೋಷ ಆಯಿತು. ತಪ್ಪು ಹೇಳುವ ಡಿಬಗರ್‌ನಿಂದ ಆಗುವ ನಷ್ಟ ಡಿಬಗರೇ ಇಲ್ಲದ್ದಕ್ಕಿಂತ ಜಾಸ್ತಿ.

ಟೆಸ್ಟ್ ಪ್ರೋಗ್ರಾಂ ಸಣ್ಣದಿರಲಿ, ಎಷ್ಟು ಸಲ ನಿಲ್ಲಬೇಕು ಅಂತ ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಲು ಬರಬೇಕು. ತನ್ನನ್ನೇ ಕರೆದುಕೊಳ್ಳುವ ಫ್ಯಾಕ್ಟೋರಿಯಲ್ ಇದಕ್ಕೆ ಒಳ್ಳೆಯದು. 6ರ ಫ್ಯಾಕ್ಟೋರಿಯಲ್ ಕೇಳಿ, 1ಕ್ಕೆ ಬಂದಾಗ ಮುಗಿಯುವ ಹಾಗೆ ಬರೆದಿದ್ದರೆ, ಫಂಕ್ಷನ್ ಬಾಗಿಲಲ್ಲಿ ಕಂಡೀಷನ್ ಇಲ್ಲದ ಬ್ರೇಕ್‌ಪಾಯಿಂಟ್ 6 ಸಲ ನಿಲ್ಲಬೇಕು. ಎನ್ ಸಮಸಂಖ್ಯೆ ಆದಾಗ ಅಂದರೆ 3 ಸಲ. ಎನ್ == 3 ಅಂದರೆ ಒಂದೇ ಸಲ, ಆಗ ಸ್ಟ್ಯಾಕ್‌ನಲ್ಲಿ ಫ್ಯಾಕ್ಟೋರಿಯಲ್ 4 ಆಳ ಇರಬೇಕು. ಎನ್ == 9 ಅಂದರೆ ನಿಲ್ಲಲೇಬಾರದು, ಉತ್ತರ 720 ಬರಬೇಕು. ಆ 720 ನೋಡುವುದನ್ನು ಮರೆಯಬೇಡಿ. ನಿಲ್ಲದೆ ಹೋದಾಗಲೂ ಡಿಬಗರ್ ಹಳೆಯ ಸೂಚನೆಯನ್ನು ಸರಿಯಾಗಿ ಓಡಿಸಿ ಮುಂದೆ ಹೋಯಿತಾ ಅನ್ನುವುದು ಅದರಿಂದಲೇ ಗೊತ್ತಾಗುವುದು.

ಇಷ್ಟು ಪಾಸಾದ ಮೇಲೆ ಕಷ್ಟದವು. ಒಂದೇ ಸಾಲಿಗೆ ಎರಡು ಬ್ರೇಕ್‌ಪಾಯಿಂಟ್ ಹಾಕಿ, ಒಂದರ ಕಂಡೀಷನ್ ನಿಜ, ಇನ್ನೊಂದರದ್ದು ಸುಳ್ಳು. ನಿಲ್ಲಬೇಕು, ಯಾವುದು ನಿಲ್ಲಿಸಿತು ಅಂತಲೂ ಸರಿಯಾಗಿ ಹೇಳಬೇಕು. ಅದರಲ್ಲಿ ಒಂದನ್ನು ಅಳಿಸಿ ಓಡಿಸಿ, ಇನ್ನೊಂದು ಉಳಿದಿರಬೇಕು. ಎರಡೂ ಒಂದೇ ವಿಳಾಸದಲ್ಲಿ ಇರುವುದರಿಂದ ಹೊಸ ಡಿಬಗರ್‌ಗಳು ಇಲ್ಲಿ ಎಡವುತ್ತವೆ. ಸ್ಟೆಪ್ ಮಾಡುತ್ತಾ ಹೋಗಿ ಕಂಡೀಷನ್ ಸುಳ್ಳಾಗಿರುವ ಸಾಲಿಗೆ ಬಂದರೆ ಸ್ಟೆಪ್ ಅಲ್ಲಿ ಮಾಮೂಲಿಯಾಗಿ ನಿಲ್ಲಬೇಕು, ಕಂಡೀಷನ್ ಸುಳ್ಳು ಅಂತ ಓಡಿಹೋಗಬಾರದು. ಕಂಡೀಷನ್ ಒಳಗೆ ನಲ್ ಪಾಯಿಂಟರ್ ಓದಿಸಿ. ಆ ಸ್ಕೋಪಿನಲ್ಲಿ ಇಲ್ಲದ ಹೆಸರು ಕೊಡಿ. ಸೊನ್ನೆಯಿಂದ ಭಾಗಿಸಿ. ಇಂಥದ್ದಕ್ಕೆಲ್ಲ ನಿಂತು ಎರರ್ ಹೇಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸುಮ್ಮನೆ ಸುಳ್ಳು ಅಂದುಕೊಂಡು ಮುಂದೆ ಹೋದರೆ ಬಳಸುವವರಿಗೆ ತಿಳಿಯುವುದೇ ಇಲ್ಲ. ಇದೇ ಪ್ರೋಗ್ರಾಂ ಅನ್ನು ಆಪ್ಟಿಮೈಸೇಷನ್ ಹಾಕಿ ಕಂಪೈಲ್ ಮಾಡಿಯೂ ನೋಡಿ. ವೇರಿಯಬಲ್ ರಿಜಿಸ್ಟರ್‌ಗೆ ಹೋಗಿರುತ್ತದೆ ಅಥವಾ ಕಾಣೆಯೇ ಆಗಿರುತ್ತದೆ, ಆಗ ನಿಮ್ಮ ಡಿಬಗರ್ ಹಳೆಯ ಬೆಲೆ ತೋರಿಸಬಾರದು, ಸಿಗುತ್ತಿಲ್ಲ ಅಂತ ಹೇಳಬೇಕು.

ನಿಮ್ಮ ಚಿಪ್‌ಗೇ ಸೇರಿದ್ದು ಎರಡು ಇದೆ. ಕಾರ್ಟೆಕ್ಸ್ ಎಂ4ನಲ್ಲಿ ಸೂಚನೆಗಳಿಗೆ ಸಾಮಾನ್ಯವಾಗಿ 6 ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಮಾತ್ರ. ಪ್ರೋಗ್ರಾಂ ಫ್ಲ್ಯಾಶ್‌ನಲ್ಲಿ ಇರುವುದರಿಂದ ಪಿಸಿಯ ಹಾಗೆ ಬೈಟ್ ಬದಲಿಸಿ ಕೆಲಸ ಸಾಗಿಸುವುದು ಸುಲಭ ಅಲ್ಲ. ಏಳನೆಯದನ್ನು ಕೇಳಿದಾಗ ಏನಾಗುತ್ತದೆ ಅಂತ ಟೆಸ್ಟ್ ಬರೆಯಿರಿ, ಸ್ಪಷ್ಟವಾಗಿ ಆಗುವುದಿಲ್ಲ ಅನ್ನಬೇಕು. ಇನ್ನೊಂದು, ಕಂಡೀಷನ್ ಲೆಕ್ಕ ಹಾಕುವುದು ಕೇಬಲ್‌ನ ಈಚೆ ಬದಿಯ ಕಂಪ್ಯೂಟರ್‌ನಲ್ಲಾದರೆ ಪ್ರತಿ ಸಲ ಚಿಪ್ ನಿಂತು, ಡೇಟಾ ಇಲ್ಲಿಗೆ ಬಂದು, ಅಪ್ಪಣೆ ವಾಪಸ್ ಹೋಗಬೇಕು. ಅಷ್ಟರಲ್ಲಿ ಬೋರ್ಡಿನ ಮೋಟಾರ್ ತಿರುಗುತ್ತಲೇ ಇರುತ್ತದೆ! ಜಿಡಿಬಿಯಲ್ಲಿ ಕಂಡೀಷನನ್ನೇ ಸಣ್ಣ ಬೈಟ್‌ಕೋಡ್ ಮಾಡಿ ಆಚೆ ಬದಿಗೆ ಕಳಿಸುವ ವ್ಯವಸ್ಥೆ ಇದೆ, ಆಚೆ ಬದಿಯ ಸ್ಟಬ್, ಅಂದರೆ ಜಿಡಿಬಿ ಜೊತೆ ಮಾತಾಡುವ ಸಣ್ಣ ಪ್ರೋಗ್ರಾಂ, ಅದನ್ನು ಓಡಿಸಬೇಕು ಅಷ್ಟೇ. ನಿಮ್ಮ ಸ್ಟಬ್‌ಗೆ ಅದನ್ನು ಸೇರಿಸಿ, ಸೇರಿಸಿದ ಮೇಲೆ ಮೇಲಿನ ಟೆಸ್ಟ್‌ಗಳನ್ನೆಲ್ಲ ಎರಡೂ ರೀತಿಯಲ್ಲಿ ಓಡಿಸಿ. ಉತ್ತರಗಳಲ್ಲಿ ವ್ಯತ್ಯಾಸ ಇರಬಾರದು. ಜಿಡಿಬಿಯವರೇ ತಮ್ಮ ಕೋಡ್ ಜೊತೆ ಇಂಥ ಟೆಸ್ಟ್‌ಗಳನ್ನು ಇಟ್ಟಿದ್ದಾರೆ, ಕಂಡ್‌ಬ್ರೇಕ್ ಅನ್ನುವ ಹೆಸರಿನ ಫೈಲನ್ನು ತೆರೆದು ಓದಿ. ಕೋಡ್ ಎಲ್ಲರಿಗೂ ಮುಕ್ತವಾಗಿದೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಒಂದು ಪ್ರಿಂಟ್ ಹಾಕಿದರೆ ಸಾಲದಾ?
– ಓದುಗ, ಹಾಸನ

ಎಷ್ಟೋ ಸಲ ಸಾಕು, ಹಾಕಿ. ಪ್ರಿಂಟ್ ಹಾಕುವುದು ಕೀಳು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆದರೆ ಪ್ರಿಂಟ್ ಹಾಕಬೇಕಾದರೆ ಕೋಡ್ ಬದಲಿಸಬೇಕು, ಮತ್ತೆ ಓಡಿಸಬೇಕು, ಕೊನೆಗೆ ತೆಗೆಯುವುದು ಮರೆತುಹೋಗುತ್ತದೆ. ಅದಕ್ಕೆ ವಿಎಸ್ ಕೋಡ್ ಮತ್ತು ಕ್ರೋಮ್ ಎರಡರಲ್ಲೂ ಲಾಗ್‌ಪಾಯಿಂಟ್ ಇದೆ. ಸಾಲಿನ ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕಂಡೀಷನಲ್ ಬ್ರೇಕ್‌ಪಾಯಿಂಟ್ ಪಕ್ಕದಲ್ಲೇ ಸಿಗುತ್ತದೆ. ಪ್ರೋಗ್ರಾಂ ನಿಲ್ಲಿಸದೆ, ಕೋಡ್ ಮುಟ್ಟದೆ ಬರೆದು ಹೋಗುತ್ತದೆ. ವಿಎಸ್ ಕೋಡ್‌ನಲ್ಲಿ ವೇರಿಯಬಲ್ ಹೆಸರನ್ನು ಹೂವಿನ ಬ್ರ್ಯಾಕೆಟ್‌ನಲ್ಲಿ ಹಾಕಿ, ಇಲ್ಲದಿದ್ದರೆ ಹೆಸರೇ ಪ್ರಿಂಟ್ ಆಗುತ್ತದೆ, ಬೆಲೆ ಅಲ್ಲ. ವಿಎಸ್ ಕೋಡ್‌ನಲ್ಲಿ ಬ್ರೇಕ್‌ಪಾಯಿಂಟ್‌ನ ಚುಕ್ಕೆ ಕೆಂಪಿನ ಬದಲು ಬೂದು ಬಣ್ಣದ ಖಾಲಿ ವೃತ್ತ ಆಗಿದ್ದರೆ ಅದು ಆ ಜಾಗದಲ್ಲಿ ಕೂತೇ ಇಲ್ಲ ಅಂತ ಅರ್ಥ, ಕಂಡೀಷನ್ ತಿದ್ದುತ್ತಾ ಕೂರಬೇಡಿ, ಓಡುತ್ತಿರುವ ಫೈಲ್ ಇದೇನಾ ಅಂತ ಮೊದಲು ನೋಡಿ.

ಪೈಥಾನ್ ಆದರೆ ಇನ್ನೊಂದು ದಾರಿ. 2018ರಲ್ಲಿ ಬಂದ 3.7ರಿಂದ ಬ್ರೇಕ್‌ಪಾಯಿಂಟ್ ಅನ್ನುವ ಫಂಕ್ಷನ್ ಭಾಷೆಯಲ್ಲೇ ಇದೆ. ಒಂದು ಇಫ್ ಬರೆದು ಅದರೊಳಗೆ ಅದನ್ನು ಕರೆಯಿರಿ, ಕಂಡೀಷನ್ ನಿಜವಾದಾಗ ಪಿಡಿಬಿ ತೆರೆದುಕೊಳ್ಳುತ್ತದೆ. ಅದನ್ನು ಮರೆತು ಕೋಡಿನಲ್ಲೇ ಬಿಟ್ಟುಬಿಟ್ಟರೆ ಅಂತ ಭಯ ಇದ್ದರೆ, ಸರ್ವರ್‌ನಲ್ಲಿ ಪೈಥಾನ್‌ಬ್ರೇಕ್‌ಪಾಯಿಂಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 0 ಕೊಡಿ. ಆಮೇಲೆ ಆ ಕರೆಗಳು ಎಲ್ಲೂ ನಿಲ್ಲಿಸುವುದಿಲ್ಲ. ಕೊಟ್ಟ ಮೇಲೆ ಒಂದು ಖಾಲಿ ಸ್ಕ್ರಿಪ್ಟ್‌ನಲ್ಲಿ ಆ ಫಂಕ್ಷನ್ ಒಂದನ್ನೇ ಕರೆದು, ನಿಲ್ಲದೆ ಮುಗಿಯುತ್ತದಾ ಅಂತ ಅದೇ ಸರ್ವರ್‌ನಲ್ಲಿ ಓಡಿಸಿ ನೋಡಿ.